ತುಮಕೂರಲ್ಲಿ ಎಕ್ಸಿಬಿಷನ್ ಪ್ಯಾನಲ್, ಕಟೌಟ್ ಮಾಡಿಸೋರಿಗೆ: ಮಂಡಿಪೇಟೆ ಕಡೆಯ ಈ ಬ್ಯಾನರ್ ಅಂಗಡಿ ರಿವ್ಯೂ

ಬ್ಯಾನರ್ ಅಂಗಡಿಗೆ ಇಷ್ಟುದ್ದ ರಿವ್ಯೂ ಯಾರೂ ಬರೆಯಲ್ಲ, ಆದ್ರೂ ಬರೀಬೇಕು ಅನ್ನಿಸ್ತು, ಯಾಕಂದ್ರೆ ಇವರು ನಮಗೆ ಮಾಡ್ಕೊಟ್ಟ ಕೆಲಸ ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲಾ ಕಡೆ ಸಿಗೋದಲ್ಲ. ಮಂಡಿಪೇಟೆ ಕಡೆ ಗಲ್ಲೀಲಿರೋ ಚಿಕ್ಕ ಅಂಗಡಿ, ಹೊರಗೆ ಹುಟ್ಟುಹಬ್ಬ, ಗೃಹಪ್ರವೇಶ, ಕೈಲಾಸ ಸಮಾರಾಧನೆ ಬ್ಯಾನರ್ ಸ್ಯಾಂಪಲ್ ನೇತಾಕಿರ್ತಾರೆ, ಒಳಗೆ ಒಂದು ದೊಡ್ಡ ಪ್ರಿಂಟಿಂಗ್ ಮಷೀನು, ಸನ್‌ಬೋರ್ಡ್ ಅನ್ನೋ ಗಟ್ಟಿ ಫೋಮ್ ಹಲಗೆ ಕಟ್ ಮಾಡೋಕೆ ಇನ್ನೊಂದು, ಡಿಸೈನಿಗೆ ಕೂತಿರೋ ಒಬ್ಬ ಹುಡುಗ, ಓನರ್ ಅಣ್ಣ. ಅಷ್ಟೇ.

ನಾವು ಹೋಗಿದ್ದು ಕಾಲೇಜಿನ ಇತಿಹಾಸ ವಿಭಾಗದ ಕಡೆಯಿಂದ. ಆಗಸ್ಟ್ 30ನ್ನ ವಿಶ್ವಸಂಸ್ಥೆ 2011ರಿಂದ ಬಲವಂತವಾಗಿ ಕಣ್ಮರೆ ಮಾಡಿದವರ ನೆನಪಿನ ದಿನ ಅಂತ ಆಚರಿಸುತ್ತೆ, ಅವತ್ತಿಗೆ ಅರ್ಜೆಂಟೀನಾದ ಮಿಲಿಟರಿ ಸರ್ಕಾರದ ಮೇಲೆ ಒಂದು ಪ್ರದರ್ಶನ ಇಡಬೇಕಿತ್ತು. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. 1976 ಮಾರ್ಚ್ 24ಕ್ಕೆ ಅಲ್ಲಿ ಜನರಲ್ ವಿಡೆಲಾ, ಅಡ್ಮಿರಲ್ ಮಸ್ಸೆರಾ, ಬ್ರಿಗೇಡಿಯರ್ ಅಗೋಸ್ತಿ ಮೂರೂ ಪಡೆ ಸೇರ್ಕೊಂಡು ಅಧಿಕಾರ ಕಿತ್ಕೊಂಡ್ರು, 1983ರ ತನಕ ಮಿಲಿಟರಿದೇ ಆಳ್ವಿಕೆ. ಕಾರ್ಮಿಕ ಸಂಘದವರು, ಕಾಲೇಜ್ ಸ್ಟೂಡೆಂಟ್ಸು, ಪತ್ರಕರ್ತರು, ಗರ್ಭಿಣಿಯರು ಅಂತ ನೋಡ್ಲಿಲ್ಲ, ಮಧ್ಯರಾತ್ರಿ ಮನೆಗೆ ನುಗ್ಗಿ, ಎಷ್ಟೋ ಸಲ ನಂಬರ್ ಪ್ಲೇಟೇ ಇಲ್ಲದ ಫೋರ್ಡ್ ಫಾಲ್ಕನ್ ಕಾರಲ್ಲಿ ಎತ್ತಾಕ್ಕೊಂಡು ಹೋಗೋರು, ತಲೆಗೆ ಮುಸುಕು ಹಾಕಿ ಗುಪ್ತ ಜಾಗಗಳಲ್ಲಿ ಹಿಂಸೆ ಕೊಡೋರು, ಆಮೇಲೆ ಸ್ಟೇಷನ್ನಿಗೆ ಹೋಗಿ ಕೇಳಿದ್ರೆ ಅಂಥ ಹೆಸರಿನವರು ನಮ್ಮತ್ರ ಇಲ್ಲ ಅನ್ನೋರು. ಹಿಡ್ಕೊಂಡು ಹೋದವರನ್ನ ಕೋರ್ಟ್ ಮುಂದೆ ತನ್ನಿ ಅನ್ನೋ ಹೇಬಿಯಸ್ ಕಾರ್ಪಸ್ ಅರ್ಜಿ ಸಾವಿರಗಟ್ಟಲೆ ಹಾಕಿದ್ರೂ ಹತ್ತತ್ರ ಎಲ್ಲವೂ ವಜಾ. ಬ್ಯೂನಸ್ ಐರಿಸ್‌ನ ನೌಕಾಪಡೆ ತರಬೇತಿ ಶಾಲೆ ಒಂದರಲ್ಲೇ ಸುಮಾರು 5,000 ಜನರನ್ನ ಇಟ್ಟಿದ್ರು, ಅಲ್ಲಿಂದ ಬದುಕಿ ಬಂದವರು ತೀರಾ ಕಮ್ಮಿ. ಆ ಕಟ್ಟಡ ಈಗ ಮ್ಯೂಸಿಯಂ, 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಈಗ ಅಂಗಡಿ ವಿಷಯ. ನಾವು ಕೊಟ್ಟ ಫೋಟೋಗಳೆಲ್ಲ ಕಪ್ಪು ಬಿಳುಪು, ಯಾವುದೋ ಗುರುತಿನ ಚೀಟಿಯಿಂದ ತೆಗೆದಂಥವು, ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಮುಖಗಳು, ಕೆಳಗೆ ಹೆಸರು. ಡಿಸೈನ್ ಹುಡುಗ ಅಭ್ಯಾಸದ ಮೇಲೆ ಶ್ರದ್ಧಾಂಜಲಿ ಟೆಂಪ್ಲೇಟ್ ತೆಗೆದು ಕೂರಿಸಿ ವಾಟ್ಸಾಪಲ್ಲಿ ಪ್ರೂಫ್ ಕಳಿಸಿದ, ಪ್ರತಿ ಫೋಟೋಗೂ ಗಂಧದ ಹಾರ, ಎರಡೂ ಕಡೆ ದೀಪ, ಕೆಳಗೆ ಜನನ, ಮರಣ ಅಂತ ಎರಡು ಕಾಲಂ. "ಮೇಡಂ, ಮರಣ ಡೇಟ್ ಯಾವ್ದೂ ಕೊಟ್ಟಿಲ್ಲ ನೀವು, ಏನ್ ಹಾಕ್ಲಿ" ಅಂತ ಫೋನ್ ಮಾಡಿದ. ಅವನದೇನೂ ತಪ್ಪಿಲ್ಲ, ದಿನಾ ಅವನ ಮುಂದೆ ಬರೋ ಫೋಟೋಗಳೇ ಹಂಗೆ. ಆದ್ರೆ ಆ ಒಂದು ಪ್ರಶ್ನೇಲಿ ಇಡೀ ವಿಷಯ ಇತ್ತು. ನಾನು ಅಂಗಡಿಗೇ ಹೋಗಿ ಹೇಳ್ದೆ, ಈ ಡೇಟು ಅವರ ಅಮ್ಮಂದಿರಿಗೂ ಸಿಗಲಿಲ್ಲಪ್ಪ ಅಂತ. 1979ರ ಡಿಸೆಂಬರಲ್ಲಿ ಪತ್ರಕರ್ತರೊಬ್ಬರು ವಿಡೆಲಾನನ್ನ ನೇರವಾಗಿ ಕೇಳಿದಾಗ ಅವನು ಕೊಟ್ಟ ಉತ್ತರ, ಕಣ್ಮರೆಯಾದವನು ಸತ್ತೂ ಇಲ್ಲ, ಬದುಕೂ ಇಲ್ಲ, ಕಣ್ಮರೆಯಾಗಿದಾನೆ ಅಷ್ಟೇ ಅಂತ, ಟೀವಿ ಕ್ಯಾಮೆರಾ ಮುಂದೆ. ಅದೇ ವರ್ಷ ಸರ್ಕಾರ ಒಂದು ಕಾನೂನು ತಂದು, ಕಣ್ಮರೆಯಾದವರನ್ನ ಸತ್ತವರು ಅಂತ ಘೋಷಿಸಿ ಫೈಲ್ ಮುಚ್ಚಿಬಿಡೋಕೆ ನೋಡ್ತು. ಅಮ್ಮಂದಿರು ಒಪ್ಪಲಿಲ್ಲ. ಜೀವಂತ ಕರ್ಕೊಂಡು ಹೋದ್ರಿ, ಜೀವಂತ ವಾಪಸ್ ಕೊಡಿ ಅನ್ನೋದು ಅವರ ಘೋಷಣೆ. ಕೊಂದವನು ಕೊಂದೆ ಅಂತ ಒಪ್ಪಿಕೊಳ್ಳೋ ಮುಂಚೆ ಮನೆಯವರೇ ಹಾರ ಹಾಕಿಬಿಟ್ರೆ ಅಪರಾಧ ಅಲ್ಲಿಗೇ ಮುಗೀತು, ಅದಕ್ಕೇ ಅವರು ಹಾಕಲಿಲ್ಲ. ಕೊನೆಗೆ 1994ರಲ್ಲಿ ಅಲ್ಲಿನ ಸಂಸತ್ತು 'ಬಲವಂತದ ಕಣ್ಮರೆಯಿಂದ ಗೈರು' ಅಂತ ಕಾನೂನಲ್ಲಿ ಒಂದು ಹೊಸ ಸ್ಥಿತೀನೇ ಮಾಡಬೇಕಾಯ್ತು, ಆಸ್ತಿ, ಮದುವೆ ವ್ಯವಹಾರ ಎಲ್ಲಾ ನಿಂತೋಗಿದ್ದ ಮನೆಯವರು ಸತ್ತ ಅಂತ ಸಹಿ ಹಾಕದೇನೇ ಮುಂದೆ ಹೋಗೋ ಹಂಗೆ.

ಹುಡುಗ ಸುಮ್ಮನೆ ಕೇಳಿದ. ಆಮೇಲೆ ಅವನೇ, "ಹಂಗಾದ್ರೆ ಮರಣ ಕಾಲಂ ತೆಗ್ದು ಎತ್ಕೊಂಡೋದ ದಿನ ಅಂತ ಹಾಕ್ತೀನಿ ಬಿಡಿ ಮೇಡಂ" ಅಂದ. ನಾನು ಹೇಳಿಕೊಟ್ಟಿದ್ದಲ್ಲ ಅದು. ಪಾಖಿನಾ 12 ಅನ್ನೋ ಅಲ್ಲಿನ ಪೇಪರಲ್ಲಿ 1988ರಿಂದ ಮನೆಯವರು ಹಾಕಿಸೋ ನೆನಪಿನ ಜಾಹೀರಾತುಗಳಲ್ಲೂ ಹಿಂಗೇ ಇರುತ್ತೆ, ಫೋಟೋ, ಹೆಸರು, ಹಿಡ್ಕೊಂಡು ಹೋದ ದಿನ. ಮೊದಲನೇದನ್ನ ಹಾಕಿಸಿದವರು ಎಸ್ತೆಲಾ ದೆ ಕಾರ್ಲೊಟ್ಟೊ, ಮಗಳು ಲಾರಾಳ ಬಗ್ಗೆ. ಲಾರಾ ಬಂಧನದಲ್ಲಿದ್ದಾಗಲೇ ಹೆತ್ತು, 1978ರಲ್ಲಿ ಕೊಲೆಯಾದಳು, ಆ ಮಗುವನ್ನ ಅಜ್ಜಿ 2014ರ ತನಕ ಹುಡುಕಿ ಕಂಡುಹಿಡಿದ್ರು, ಅಷ್ಟರಲ್ಲಿ ಅವನಿಗೆ 36 ವರ್ಷ. ಹಂಗೆ ಹೆತ್ತವರಿಂದ ಕಿತ್ಕೊಂಡು ಬೇರೆಯವರ ಮನೆ ಸೇರಿಸಿದ ಸುಮಾರು 500 ಮಕ್ಕಳಲ್ಲಿ ಇಂಥ ಅಜ್ಜಿಯರು ಕಟ್ಟಿದ ಸಂಘ ಇದುವರೆಗೆ 130ಕ್ಕೂ ಜಾಸ್ತಿ ಜನರನ್ನ ಪತ್ತೆ ಮಾಡಿದೆ, ಅಪ್ಪ ಅಮ್ಮ ಇಲ್ಲದಿದ್ರೂ ಅಜ್ಜಿ ತಾತನ ರಕ್ತದಿಂದಲೇ ಮೊಮ್ಮಕ್ಕಳನ್ನ ಗುರುತಿಸೋ ವಿಧಾನ ಅವರ ಒತ್ತಾಯದಿಂದಲೇ ಬೆಳೆದಿದ್ದು, 1987ರಲ್ಲಿ ಅದಕ್ಕಂತ್ಲೇ ಸರ್ಕಾರಿ ಜೆನೆಟಿಕ್ ಬ್ಯಾಂಕೂ ಆಯ್ತು. ಆ ಪ್ಯಾನಲ್ ಮುಂದೆ ನಮ್ಮ ಹುಡುಗೀರು ನಿಂತಿದ್ದು ನಿಂತೇ ಇದ್ರು.

ಫೋಟೋ ವಿಷಯದಲ್ಲಿ ಒಂದು ಎಚ್ಚರಿಕೆ, ಈಗ ಎಲ್ಲಾ ಅಂಗಡಿಯಲ್ಲೂ ಇದು ನಡೀತಿದೆ. ಹಳೇ ಫೋಟೋ ದೊಡ್ಡದು ಮಾಡಿದ್ರೆ ಚುಕ್ಕಿ ಚುಕ್ಕಿ ಕಾಣುತ್ತೆ ಅಂತ ಎಐ ಆಪಲ್ಲಿ ಹಾಕಿ ಕ್ಲಿಯರ್ ಮಾಡಿಬಿಡ್ತಾರೆ. ಎರಡನೇ ಪ್ರೂಫಲ್ಲಿ ಹಂಗೇ ಬಂತು, ಚರ್ಮ ನುಣ್ಣಗೆ, ಕಣ್ಣು ಹೊಳೀತಾ, ಕೆನ್ನೆ ಮೇಲಿನ ಮಚ್ಚೆ ಮಾಯ. ನೋಡೋಕೆ ಚೆಂದ, ಆದ್ರೆ ಅದು ಆ ಮನುಷ್ಯ ಅಲ್ಲ. ಈ ಅಮ್ಮಂದಿರು ಸ್ಟೇಷನ್ನು, ಬ್ಯಾರಕ್ಕು, ಚರ್ಚು, ಆಸ್ಪತ್ರೆ ಅಂತ ಇದೇ ಫೋಟೋ ಹಿಡ್ಕೊಂಡು ಇವನನ್ನ ನೋಡಿದೀರಾ ಅಂತ ಅಲೆದಿದ್ದು, ಮಚ್ಚೆ ಅಳಿಸಿದ್ರೆ ಯಾರನ್ನ ಗುರುತು ಹಿಡಿಯೋದು? ಚುಕ್ಕಿ ಇದ್ರೂ ಪರವಾಗಿಲ್ಲ, ಇರೋದು ಇದ್ದಂಗೇ ಹಾಕಿ ಅಂದ್ವಿ, ಒಂದು ಮಾತೂ ಆಡದೆ ಎಲ್ಲಾ ಫೋಟೋ ಮತ್ತೆ ಮೊದಲಿನಿಂದ ಸ್ಕ್ಯಾನ್ ಫೈಲಿಂದ ಕೂರಿಸಿದ್ರು, ಎಕ್ಸ್‌ಟ್ರಾ ಚಾರ್ಜ್ ಇಲ್ಲ. ದೂರ ನಿಂತು ನೋಡಿದ್ರೆ ಚುಕ್ಕಿ ಗೊತ್ತೇ ಆಗಲ್ಲ.

ಕಟೌಟ್ ಕೆಲಸ ಇವರದ್ದು ನಿಜಕ್ಕೂ ಫಸ್ಟ್ ಕ್ಲಾಸ್. ನಾವು ಕೇಳಿದ್ದು ಮುಖವೇ ಇಲ್ಲದ, ಬರೀ ಹೊರಗೆರೆ ಇರೋ ಆಳೆತ್ತರದ ಮನುಷ್ಯರು. 1983 ಸೆಪ್ಟೆಂಬರ್ 21ಕ್ಕೆ, ಇನ್ನೂ ಮಿಲಿಟರಿ ಆಳ್ತಿದ್ದಾಗಲೇ, ಮೂವರು ಕಲಾವಿದರ ಐಡಿಯಾ ಮೇಲೆ ಅಮ್ಮಂದಿರು, ಯುವಕರು, ದಾರೀಲಿ ಹೋಗ್ತಿದ್ದವರೆಲ್ಲ ಪ್ಲಾಸಾ ದೆ ಮಾಯೋ ಚೌಕಕ್ಕೆ ಬಂದು, ಪೇಪರ್ ಮೇಲೆ ಮಲಗಿ ತಮ್ಮ ಮೈ ಸುತ್ತ ಗೆರೆ ಎಳೆಸ್ಕೊಂಡು, ಆ ಆಕಾರಗಳನ್ನ ಸುತ್ತಲಿನ ಗೋಡೆಗಳಿಗೆಲ್ಲ ಅಂಟಿಸಿದ್ರು. ಆಕಾರಗಳು ನಿಂತೇ ಇರಬೇಕು, ನೆಲದ ಮೇಲೆ ಬೇಡ ಅಂದ್ರು ಅಮ್ಮಂದಿರು, ನೆಲದ ಮೇಲಿದ್ರೆ ಹೆಣದ ಗುರುತು ಆಗುತ್ತೆ. ಓನರ್ ಅಣ್ಣ ಇದನ್ನ ಕೇಳಿ, "ನಾವು ಹೀರೋಗಳ್ದು ಹೆಂಗ್ ಹೆಂಗೋ ನಿಲ್ಸಿದೀವಿ, ಇವ್ರು ಬೀಳಂಗಿಲ್ಲ ಬಿಡಿ" ಅಂತ ಹಿಂದುಗಡೆ ಮಡಚೋ ಸ್ಟ್ಯಾಂಡ್ ಬದಲು ಕಬ್ಬಿಣದ ಪಟ್ಟಿ ಕಾಲು ಹಾಕ್ಸಿಕೊಟ್ರು. ಒಂದು ಆಕಾರ ಗರ್ಭಿಣಿಯದ್ದು. ಹೊಟ್ಟೆ ತಿರುವು ಮಷೀನಲ್ಲಿ ಸರಿಯಾಗಿ ಬರಲಿಲ್ಲ ಅಂತ ಹುಡುಗ ಕೈಯಲ್ಲಿ ಕಟರ್ ಹಿಡಿದು ತಿದ್ದಿದ.

ಅಕ್ಷರದ ಕೆಲಸ ಅಷ್ಟು ಚೆನ್ನಾಗಿಲ್ಲ, ಅದನ್ನೂ ಹೇಳಬೇಕು. ಯೂನಿಕೋಡ್ ಟೆಕ್ಸ್ಟ್ ಕೊಟ್ರೆ ಇವರ ಹಳೇ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲಿ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ, ನುಡಿ ಫಾಂಟಿಗೆ ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು ಓಡೋಗುತ್ತೆ. ಅಂಕಿಗಳನ್ನಂತೂ ಒಂದೊಂದಾಗಿ ಚೆಕ್ ಮಾಡಿ. ನಮಗೆ 8,961 ಅನ್ನೋದು 8,691 ಆಗಿ ಬಂದಿತ್ತು. ಪ್ರಿಂಟ್‌ಗೆ ಮುಂಚೆ ಸಿಕ್ತು, ಪುಣ್ಯ. 1984ರಲ್ಲಿ ಲೇಖಕ ಎರ್ನೆಸ್ತೊ ಸಬಾತೊ ಅಧ್ಯಕ್ಷತೆಯ ಆಯೋಗ ದಾಖಲಿಸಿದ ಕಣ್ಮರೆ ಪ್ರಕರಣ ಅಷ್ಟು, ಮಾನವ ಹಕ್ಕು ಸಂಘಟನೆಗಳು ಹೇಳೋದು 30,000. ಮಿಲಿಟರಿ ಪರ ಮಾತಾಡೋರು ಇವತ್ತಿಗೂ ಈ ಎರಡು ಸಂಖ್ಯೆ ಹಿಡ್ಕೊಂಡು ನೋಡಿ ಸುಳ್ಳು ಅಂತಾರೆ. ದಾಖಲೆ ಬಚ್ಚಿಟ್ಟವರು, ಹಿಡಿದವರನ್ನ ವಿಮಾನದಿಂದ ಸಮುದ್ರಕ್ಕೆ ಎಸೆದವರು, ಅವರೇ ಲೆಕ್ಕ ಕೊಡಿ ಅಂತ ಕೇಳೋದು ನನಗೆ ರಕ್ತ ಕುದಿಸುತ್ತೆ. ಮಿಲಿಟರಿಯ ಸ್ವಂತ ಗುಪ್ತಚರ ವಿಭಾಗವೇ 1978ರ ಮಧ್ಯದ ಹೊತ್ತಿಗೆ ಸತ್ತವರು, ಕಣ್ಮರೆಯಾದವರು ಸೇರಿ 22,000 ಅಂತ ಎಣಿಸಿದ್ದನ್ನ ಚಿಲಿಯ ಏಜೆಂಟ್ ಒಬ್ಬ ತನ್ನ ದೇಶಕ್ಕೆ ವರದಿ ಕಳಿಸಿದ ಕಾಗದ ಆಮೇಲೆ ಹೊರಗೆ ಬಂತು. ಹಂಗಾಗಿ ಈ ಪ್ಯಾನಲ್ಲಲ್ಲಿ ಒಂದು ಅಂಕಿ ತಪ್ಪಿದ್ರೂ ಸುಮ್ಮನಿರೋ ಹಂಗಿರಲಿಲ್ಲ. ನೀವು ಟೆಕ್ಸ್ಟನ್ನ ಪಿಡಿಎಫ್ ಮಾಡಿಯೇ ಕೊಟ್ಬಿಡಿ, ಈ ತಲೆನೋವೇ ಇರಲ್ಲ.

ಅಸುಸೆನಾ ವಿಲ್ಲಾಫ್ಲೋರ್ ಪ್ಯಾನಲ್ ಬಗ್ಗೆ ಓನರ್ ಅಣ್ಣ ಕೇಳಿದ್ದು ನನಗೆ ಇನ್ನೂ ಮನಸ್ಸಲ್ಲಿದೆ. ಮಗನನ್ನ ಹುಡುಕ್ತಾ ಅಲೀತಿದ್ದ ಈ ತಾಯಿನೇ 1977 ಏಪ್ರಿಲ್ 30ಕ್ಕೆ ಬೇರೆ ಅಮ್ಮಂದಿರನ್ನ ಸೇರಿಸ್ಕೊಂಡು ಅಧ್ಯಕ್ಷರ ಅರಮನೆ ಮುಂದಿನ ಇದೇ ಪ್ಲಾಸಾ ದೆ ಮಾಯೋ ಚೌಕಕ್ಕೆ ಹೋಗಿದ್ದು. ಗುಂಪಾಗಿ ನಿಲ್ಲಬಾರದು, ನಡೀರಿ ಅಂತ ಪೊಲೀಸರು ಗದರಿಸಿದ್ದಕ್ಕೆ ನಡೆಯೋಕೆ ಶುರು ಮಾಡಿದವರು ಇವತ್ತಿಗೂ ಗುರುವಾರ ಗುರುವಾರ ಚೌಕದ ನಡುವಿನ ಸ್ತಂಭದ ಸುತ್ತ ನಡೀತಾರೆ. ಅದೇ ವರ್ಷ ಡಿಸೆಂಬರ್ 10ಕ್ಕೆ ಅಸುಸೆನಾರನ್ನೂ ಎತ್ತಾಕ್ಕೊಂಡು ಹೋದ್ರು. ದಡಕ್ಕೆ ಬಂದು ಬಿದ್ದ ದೇಹವನ್ನ ಹೆಸರಿಲ್ಲದೆ ಹೂತಿದ್ರು, 2005ರಲ್ಲಿ ವಿಧಿವಿಜ್ಞಾನ ತಂಡ ಡಿಎನ್‌ಎ ನೋಡಿ ಅವರೇ ಅಂತ ಗುರುತಿಸಿತು, ಚಿತಾಭಸ್ಮ ಈಗ ಅದೇ ಚೌಕದಲ್ಲಿದೆ. ಅಣ್ಣ ಇದನ್ನ ಪೂರ್ತಿ ಓದಿ, "ಇವ್ರದ್ದು ಸಿಕ್ಕೈತಲ್ಲ ಮೇಡಂ, ಇವ್ರಿಗೆ ಹೂವ ಇಡಬೋದಲ್ವಾ" ಅಂದ್ರು. ಇಡಬಹುದು ಅಂದೆ. ಆ ಒಂದು ಪ್ಯಾನಲ್ಲಿನ ಕೆಳಗಡೆ ಮೂಲೇಲಿ ಸಣ್ಣದೊಂದು ಸೇವಂತಿಗೆ ಇದೆ.

ನಮ್ಮ ದೇಶದಲ್ಲಿ ಹಿಂಗೆಲ್ಲ ಇಲ್ಲ ಅಲ್ವಾ ಅಂತಾನೂ ಕೇಳಿದ್ರು. ತುರ್ತುಪರಿಸ್ಥಿತಿ ಟೈಮಲ್ಲಿ, 1976ರ ಮಾರ್ಚಲ್ಲಿ, ಕಲ್ಲಿಕೋಟೆ ಇಂಜಿನಿಯರಿಂಗ್ ಕಾಲೇಜಿನ ರಾಜನ್ ಅನ್ನೋ ಹುಡುಗನ್ನ ಪೊಲೀಸರು ಹಿಡ್ಕೊಂಡು ಹೋಗಿದ್ದು, ಅಪ್ಪ ಈಚರ ವಾರಿಯರ್ ಹೈಕೋರ್ಟಿಗೆ ಹೋಗಿದ್ದು, 1977ರಲ್ಲಿ ಕೇರಳ ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಟ್ರೂ ಮಗನ ದೇಹ ಮಾತ್ರ ಸಿಗದೇ ಹೋಗಿದ್ದು, ಎಲ್ಲಾ ಹೇಳ್ದೆ. ಬಲವಂತದ ಕಣ್ಮರೆ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಹಾಕಿ ಇನ್ನೂ ಅನುಮೋದನೆ ಮಾಡಿಲ್ಲ ಅನ್ನೋದನ್ನೂ. ಅಣ್ಣ ಅದಕ್ಕೂ ಒಂದು ಪ್ಯಾನಲ್ ಮಾಡಿ ಅಂದು ಬರೀ ಮೆಟೀರಿಯಲ್ ದುಡ್ಡು ತಗೊಂಡ್ರು.

ರೇಟು: ಸನ್‌ಬೋರ್ಡ್ ಮೇಲೆ ಮ್ಯಾಟ್ ಲ್ಯಾಮಿನೇಷನ್ ಸಮೇತ ಸ್ಕ್ವೇರ್ ಫೀಟಿಗೆ 80 ರೂಪಾಯಿ, ಕಟೌಟಿಗೆ ಕಟಿಂಗ್ ಬೇರೆ. ಗ್ಲಾಸಿ ಬೇಡ, ಟ್ಯೂಬ್‌ಲೈಟ್ ಹೊಡೆದು ಮುಖಾನೇ ಕಾಣಲ್ಲ. ಬಟ್ಟೆ ಮೇಲಿನ ಪ್ರಿಂಟಲ್ಲಿ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತೆ, ಫೋಟೋ ಇರೋದಕ್ಕೆ ಬಟ್ಟೆ ತಗೋಬೇಡಿ. ಜಿಎಸ್‌ಟಿ ಬಿಲ್ ಕೊಡ್ತಾರೆ, ಕಾಲೇಜಿಗೆ ಅದು ಬೇಕೇ ಬೇಕು. ಆಗಸ್ಟ್ ಕೊನೆ ಅಂದ್ರೆ ಗಣೇಶನ ಪೆಂಡಾಲ್ ಕೆಲಸದ ನೂಕುನುಗ್ಗಲು, ಹೇಳಿದ ದಿನಕ್ಕೆ ಕೊಡಲಿಲ್ಲ, ಹಿಂದಿನ ರಾತ್ರಿ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಆಟೋಗೆ ಹಾಕಿಸ್ಕೊಂಡು ಬಂದ್ವಿ. ಸಾಕಷ್ಟು ಮುಂಚೆನೇ ಆರ್ಡರ್ ಕೊಟ್ಬಿಡಿ. ಗಾಡಿ ನಿಲ್ಸೋಕೆ ಜಾಗ ಇಲ್ಲ.

ನಮ್ಮ ಫೈಲುಗಳೆಲ್ಲ ಅವರ ಕಂಪ್ಯೂಟರಲ್ಲೇ ಇಟ್ಟಿದೀವಿ. ತಿಪಟೂರು, ಶಿರಾ, ಕೋಲಾರ, ಚಿಕ್ಕಬಳ್ಳಾಪುರ ಎಲ್ಲಿಯ ಕಾಲೇಜಿನವರೇ ಆಗಲಿ ಕೇಳಿದ್ರೆ ಡಿಸೈನ್ ಚಾರ್ಜ್ ಇಲ್ಲದೆ ಪ್ರಿಂಟ್ ಹಾಕ್ಕೊಡ್ತೀನಿ, ಬಸ್ಸಿಗೆ ಪಾರ್ಸೆಲ್ಲೂ ಹಾಕ್ತೀನಿ ಅಂದಿದಾರೆ ಅಣ್ಣ.