ಮೂರು ಡ್ಯಾಕ್, ಒಂದೇ ಆಂಪ್: ನನ್ನ ಮತ ಆಪ್ಟಿಕಲ್ ಇರುವುದಕ್ಕೇ

ಡ್ಯಾಕ್ ಅಂದರೆ ಫೋನ್, ಕಂಪ್ಯೂಟರ್‌ನ ಡಿಜಿಟಲ್ ಹಾಡನ್ನು ಆಂಪ್‌ಗೆ (ಸ್ಪೀಕರ್ ನುಡಿಸುವ ಆಂಪ್ಲಿಫೈಯರ್) ಬೇಕಾದ ಅನಲಾಗ್ ಸಿಗ್ನಲ್ ಆಗಿ ಬದಲಾಯಿಸುವ ಸಾಧನ. ಕಡಿಮೆ ಬೆಲೆಯ ಡ್ಯಾಕ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಈಗ ಒಂದೇ. ಹಿಂಬದಿಯಲ್ಲಿ ಆಪ್ಟಿಕಲ್ (ಬೆಳಕಿನ ಮೂಲಕ ಸಿಗ್ನಲ್ ಪಡೆಯುವ) ಇನ್‌ಪುಟ್ ಇರುವುದನ್ನು ತೆಗೆದುಕೊಳ್ಳಿ. ಒಳಗೆ ಯಾವ ಚಿಪ್ ಇದೆ ಅನ್ನುವುದು ಆಮೇಲಿನ ಮಾತು.

ಒಂದೇ ಆಂಪ್, ಒಂದೇ ಜೊತೆ ಸ್ಪೀಕರ್ ಇಟ್ಟುಕೊಂಡು ಮೂರು ಥರದ ಡ್ಯಾಕ್ ಬಳಸಿ ನೋಡಿದ್ದೇನೆ. ಮೊದಲನೆಯದು ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್, ಅಂದರೆ ಫೋನ್‌ಗೆ ಸಿಕ್ಕಿಸುವ ಪುಟ್ಟ ಹೆಡ್‌ಫೋನ್ ಅಡಾಪ್ಟರ್. ಎರಡನೆಯದು ಯುಎಸ್‌ಬಿ ಇನ್‌ಪುಟ್ ಮಾತ್ರ ಇರುವ ಪುಟ್ಟ ಡಬ್ಬಿ, ಅದಕ್ಕೆ ಕರೆಂಟೂ ಅದೇ ಕೇಬಲ್‌ನಿಂದ ಬರಬೇಕು. ಮೂರನೆಯದು ಟಾಪಿಂಗ್ ಇ30. ಇದರಲ್ಲಿ ಯುಎಸ್‌ಬಿ, ಆಪ್ಟಿಕಲ್, ಕೋ-ಆಕ್ಸಿಯಲ್ (ತಾಮ್ರದ ಡಿಜಿಟಲ್ ಕೇಬಲ್) ಮೂರೂ ಇವೆ, ಕರೆಂಟಿಗೆ ಬೇರೆ ಸಾಕೆಟ್ ಇದೆ. ಈಗ ಇದರ ಮುಂದಿನ ಮಾದರಿ ಇ30 II ಕೂಡ ಬಂದಿದೆ.

ಯುಎಸ್‌ಬಿ ಡಬ್ಬಿ ನೋಡಲು ಚೆಂದ, ಕಟ್ಟಿದ್ದೂ ಗಟ್ಟಿ. ಆದರೆ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಸಿಕ್ಕಿಸಿ ಆಂಪ್ ಆನ್ ಮಾಡಿದ ಕೂಡಲೇ ಸ್ಪೀಕರ್‌ನಿಂದ ಸಣ್ಣಗೆ ಕಿರ್ ಅನ್ನುವ ಸದ್ದು ಶುರುವಾಯಿತು. ಮೌಸ್ ಆಡಿಸಿದರೆ ಸದ್ದಿನ ಧಾಟಿ ಬದಲಾಗುತ್ತಿತ್ತು. ಪುಟ ಸ್ಕ್ರಾಲ್ ಮಾಡಿದರೆ ಇನ್ನೊಂದು ಥರ. ಹಾಡು ಜೋರಾಗಿದ್ದಾಗ ಗೊತ್ತಾಗುವುದಿಲ್ಲ ನಿಜ. ಆದರೆ ರಾತ್ರಿ ಮೆಲ್ಲಗೆ ತಂಬೂರಿಯ ಶ್ರುತಿ ಕೇಳುವಾಗ ಅದರ ಪಕ್ಕದಲ್ಲೇ ಈ ಕಿರಿಕಿರಿ. ಒಂದು ಸಲ ಕಿವಿಗೆ ಬಿದ್ದರೆ ಮುಗೀತು, ಆಮೇಲೆ ಅದನ್ನು ಕೇಳದೇ ಇರಲು ಆಗುವುದೇ ಇಲ್ಲ.

ಡ್ಯಾಕ್ ಕೆಟ್ಟಿರಬಹುದು ಅಂತ ಫೋನ್‌ಗೆ ಸಿಕ್ಕಿಸಿ ನೋಡಿದೆ. ಪೂರ್ತಿ ನಿಶ್ಶಬ್ದ. ಚಾರ್ಜರ್ ತೆಗೆದ ಲ್ಯಾಪ್‌ಟಾಪ್‌ನಲ್ಲೂ ನಿಶ್ಶಬ್ದ. ಚಾರ್ಜರ್ ಚುಚ್ಚಿದ ತಕ್ಷಣ ಸದ್ದು ವಾಪಸ್. ಅಲ್ಲಿಗೆ ಕಾರಣ ಸಿಕ್ಕಿತು: ಗ್ರೌಂಡ್ ಲೂಪ್. ಕಂಪ್ಯೂಟರ್‌ಗೂ ಅರ್ತ್ ಇದೆ, ಆಂಪ್‌ಗೂ ಅರ್ತ್ ಇದೆ. ಯುಎಸ್‌ಬಿ ಕೇಬಲ್ ಮತ್ತು ಡ್ಯಾಕ್‌ನಿಂದ ಆಂಪ್‌ಗೆ ಹೋಗುವ ಆರ್‌ಸಿಎ ಕೇಬಲ್‌ನ ಗ್ರೌಂಡ್ ತಂತಿಗಳು ಇವೆರಡನ್ನೂ ಇನ್ನೊಂದು ದಾರಿಯಲ್ಲಿ ಜೋಡಿಸಿ ಸುತ್ತು ಪೂರ್ತಿ ಮಾಡುತ್ತವೆ. ಕಂಪ್ಯೂಟರ್‌ನ ಒಳಗಿನ ಗದ್ದಲವೆಲ್ಲ ಆ ಸುತ್ತಿನಲ್ಲಿ ಹರಿದು ಆಂಪ್‌ಗೆ ಬರುತ್ತದೆ. ಡಬ್ಬಿಯ ಒಳಗೆ ಎಷ್ಟೇ ದುಬಾರಿ ಚಿಪ್ ಇದ್ದರೂ ಇದನ್ನು ತಡೆಯಲು ಆಗುವುದಿಲ್ಲ. ಸದ್ದು ಸೇರಿಕೊಳ್ಳುವುದು ಚಿಪ್‌ನಲ್ಲಿ ಅಲ್ಲ, ತಂತಿಯಲ್ಲಿ.

ಕೇಬಲ್ ಬದಲಾಯಿಸಿದೆ. ಗದ್ದಲ ತಡೆಯುವ ಫೆರೈಟ್ ಮಣಿ ಇರುವ ಕೇಬಲ್ ಹಾಕಿದೆ. ಕರೆಂಟ್ ಬೇರೆ ಕೊಡುವ ಯುಎಸ್‌ಬಿ ಹಬ್ ಇಟ್ಟೆ. ಯಾವುದಕ್ಕೂ ಸದ್ದು ಬಗ್ಗಲಿಲ್ಲ. ಹಬ್ ಇಟ್ಟರೂ ಗ್ರೌಂಡ್ ತಂತಿ ಹಾಗೇ ಮುಂದುವರಿಯುತ್ತದಲ್ವಾ, ಹಾಗಾಗಿ ಅದರಿಂದ ಉಪಯೋಗ ಆಗದಿದ್ದದ್ದು ಸಹಜವೇ. ಯುಎಸ್‌ಬಿ ಐಸೊಲೇಟರ್ ಅಂತ ಒಂದು ಸಾಧನ ಇದೆ, ಅದು ಗ್ರೌಂಡನ್ನು ನಿಜವಾಗಿ ಕಡಿಯುತ್ತದೆ. ಆದರೆ ಅಗ್ಗದ ಐಸೊಲೇಟರ್‌ಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 12 ಮೆಗಾಬಿಟ್ ವೇಗದಲ್ಲಷ್ಟೇ ಕೆಲಸ ಮಾಡುತ್ತವೆ. ಈಗಿನ ಬಹಳಷ್ಟು ಡ್ಯಾಕ್‌ಗಳು 480 ಮೆಗಾಬಿಟ್ ವೇಗದವು. ಇವನ್ನು ಅಂಥ ಐಸೊಲೇಟರ್‌ಗೆ ಸಿಕ್ಕಿಸಿದರೆ ಕೆಲವು ಕೆಳಗಿನ ವೇಗಕ್ಕೆ ಇಳಿಯುತ್ತವೆ, ಕೆಲವು ಶುರುವೇ ಆಗುವುದಿಲ್ಲ. ವೇಗದ ಐಸೊಲೇಟರ್ ಬೇಕೆಂದರೆ ಬೆಲೆ ಡ್ಯಾಕ್‌ನ ಹತ್ತಿರಕ್ಕೆ ಬರುತ್ತದೆ. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಸದ್ದು ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಿನ್ ಇರುವುದು ಜೀವ ಕಾಪಾಡಲು.

ಆಪ್ಟಿಕಲ್‌ನಲ್ಲಿ ಈ ರಗಳೆಯೇ ಇಲ್ಲ. ಪ್ಲಾಸ್ಟಿಕ್ ಎಳೆಯೊಳಗೆ ಬೆಳಕು ಮಾತ್ರ ಹೋಗುತ್ತದೆ, ತಾಮ್ರದ ಸಂಪರ್ಕವೇ ಇಲ್ಲ. ತೋಷಿಬಾ 1983ರಲ್ಲಿ ತಂದ ಈ ಟಾಸ್‌ಲಿಂಕ್ ಕಿಂಡಿ ಈಗಲೂ ಬಹಳಷ್ಟು ಟಿವಿಗಳಲ್ಲಿ, ಎಷ್ಟೋ ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳ ಹಿಂದೆ ಇರುತ್ತದೆ. ಕೆಂಪಗೆ ಮಿನುಗುವ ಚೌಕ, ನೋಡಿದರೆ ಗೊತ್ತಾಗುತ್ತದೆ. ಇ30ಯನ್ನು ಅದಕ್ಕೆ ಜೋಡಿಸಿದೆ, ಕಿರ್ ಸದ್ದು ನಿಂತೇ ಹೋಯಿತು. ಆಂಪ್‌ನ ನಾಬ್ ಪೂರ್ತಿ ತಿರುಗಿಸಿದರೂ ಸ್ಪೀಕರ್‌ನ ತೀಕ್ಷ್ಣ ಸ್ವರದ ಭಾಗವಾದ ಟ್ವೀಟರ್‌ಗೆ ಕಿವಿಯಿಟ್ಟರೆ ಕೇಳುವಷ್ಟು ಸಣ್ಣ ಸುಯ್ ಬಿಟ್ಟರೆ ಏನೂ ಇಲ್ಲ. ಅದು ಆಂಪ್‌ನದೇ ಸದ್ದು.

ಇಲ್ಲಿ ಒಂದು ಎಚ್ಚರ ಬೇಕು. ಇ30ಗೆ ಕರೆಂಟ್ ಕೊಡುವ 5 ವೋಲ್ಟ್ ಕೇಬಲ್‌ನ ಇನ್ನೊಂದು ತುದಿ ಯುಎಸ್‌ಬಿ. ಅದನ್ನು ಅದೇ ಕಂಪ್ಯೂಟರ್‌ಗೆ ಚುಚ್ಚಿದರೆ ಗ್ರೌಂಡ್ ಮತ್ತೆ ಸೇರಿಕೊಳ್ಳುತ್ತದೆ, ಆಪ್ಟಿಕಲ್ ಹಾಕಿದ್ದು ವ್ಯರ್ಥ. ಬೇರೆ ಫೋನ್ ಚಾರ್ಜರ್ ಬಳಸಿ. ಟಿವಿಗೆ ಜೋಡಿಸುವವರು ಸೆಟ್ಟಿಂಗ್‌ನಲ್ಲಿ ಆಡಿಯೊ ಔಟ್‌ಪುಟ್ ಪಿಸಿಎಂ (ಸಂಕುಚಿಸದ ಸಾದಾ ಡಿಜಿಟಲ್ ಸಿಗ್ನಲ್) ಅಂತ ಇಡಬೇಕು. ಡಾಲ್ಬಿ ಇಟ್ಟರೆ ಸ್ಟೀರಿಯೊ ಡ್ಯಾಕ್‌ಗೆ ಅರ್ಥವಾಗುವುದಿಲ್ಲ.

ಇನ್ನು ಡಾಂಗಲ್. ನಿಜ ಹೇಳಬೇಕೆಂದರೆ ಅಷ್ಟು ಚಿಕ್ಕ ವಸ್ತು ಅಷ್ಟು ಚೆನ್ನಾಗಿ ನುಡಿಯುವುದು ನೋಡಿ ಖುಷಿಯಾಯಿತು. ಅದರ ಔಟ್‌ಪುಟ್ ಸುಮಾರು 1 ವೋಲ್ಟ್, ಉಳಿದೆರಡರದು ಸಿಡಿ ಪ್ಲೇಯರ್ ಥರ ಸುಮಾರು 2 ವೋಲ್ಟ್. ಅಂದರೆ 6 ಡೆಸಿಬೆಲ್ ವ್ಯತ್ಯಾಸ. ಸುಮ್ನೆ ಒಂದರ ಬದಲು ಇನ್ನೊಂದು ಸಿಕ್ಕಿಸಿ ಕೇಳಿದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ. ಅದಕ್ಕೆ ಹೋಲಿಸುವ ಮೊದಲು 100 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿದು, ಮೂರರ ವೋಲ್ಟೇಜನ್ನೂ ಸಮ ಮಾಡಿಕೊಂಡೆ. ಸಾಧಾರಣ ಮೀಟರ್‌ಗಳು ಮೇಲಿನ ಆವರ್ತನಗಳಲ್ಲಿ ಸರಿಯಾಗಿ ಓದುವುದಿಲ್ಲ, ಆದ್ದರಿಂದ ಕೆಳಗಿನ ಟೋನ್ ಒಳ್ಳೆಯದು. ಸಮ ಮಾಡಿದ ಮೇಲೆ, ಕಿರ್ ಸದ್ದು ಬಿಟ್ಟರೆ, ಮೂರಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. 16 ಬಿಟ್ ಸಿಡಿಯ ಡೈನಾಮಿಕ್ ರೇಂಜ್ (ಅತಿ ಸಣ್ಣ ಸದ್ದಿನಿಂದ ಅತಿ ಜೋರಿನವರೆಗಿನ ಅಂತರ) ಸುಮಾರು 96 ಡೆಸಿಬೆಲ್. ಅಷ್ಟನ್ನು ಈ ಬೆಲೆಯ ಡ್ಯಾಕ್‌ಗಳು ಆರಾಮಾಗಿ ಮುಟ್ಟುತ್ತವೆ.

ಡಾಂಗಲ್‌ನಿಂದ ಫೋನ್ ಆಂಪ್‌ನ ಪಕ್ಕವೇ ಕಟ್ಟಿಹಾಕಿದಂತೆ ಆಗುತ್ತದೆ. ಚಾರ್ಜ್ ಮಾಡಲು ಕಿಂಡಿಯೂ ಉಳಿಯುವುದಿಲ್ಲ. ಹಾಡಿನ ಮಧ್ಯೆ ನೋಟಿಫಿಕೇಶನ್ ಟಣ್ ಅನ್ನುವುದು ನನಗಂತೂ ಸಹಿಸಲಾಗದು.

ಇನ್ನು ಉಳಿದ ಸಣ್ಣ ವಿಷಯಗಳು. ಡಿಎಸ್‌ಡಿ (ಹಾಡಿನ ಫೈಲ್‌ನ ಒಂದು ವಿಧ): ನನ್ನ ಹತ್ತಿರ ಅಂಥ ಫೈಲ್ ಇಲ್ಲ. ಕೋ-ಆಕ್ಸಿಯಲ್: ಅದೂ ತಾಮ್ರವೇ, ಲೂಪ್ ಆಗಬಹುದು. ರಿಮೋಟ್: ಇ30ಗೆ ಇದೆ. ವಾಲ್ಯೂಮನ್ನು ಡ್ಯಾಕ್ ತಾನೇ ನಿಯಂತ್ರಿಸುವ ಪ್ರೀಆಂಪ್ ಮೋಡ್‌ನಲ್ಲಿಟ್ಟರೆ ಕೂತಲ್ಲಿಂದಲೇ ವಾಲ್ಯೂಮ್ ಬದಲಾಯಿಸಬಹುದು.

ನಾನು ಹಾಡು ಕೇಳುವುದು ಡೆಸ್ಕ್‌ಟಾಪ್‌ನಿಂದ ಮತ್ತು ಟಿವಿಯಿಂದ, ಅದೂ ಹೆಚ್ಚಾಗಿ ರಾತ್ರಿ, ಕಡಿಮೆ ವಾಲ್ಯೂಮ್‌ನಲ್ಲಿ. ಅದಕ್ಕೆ ಮೂರರಲ್ಲಿ ದುಬಾರಿಯಾದರೂ ಇ30ಯೇ ನನ್ನಲ್ಲಿ ಉಳಿಯಿತು. ಬರೀ ಫೋನ್‌ನಿಂದ ಕೇಳುವವರು ಡಾಂಗಲ್ ತೆಗೆದುಕೊಂಡು ಉಳಿದ ಹಣವನ್ನು ಸ್ಪೀಕರ್‌ಗೆ ಹಾಕಿ. ಯುಎಸ್‌ಬಿ ಡಬ್ಬಿಯ ಮೇಲೆ ಮನಸ್ಸಾಗಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ನಿಮ್ಮದೇ ಕಂಪ್ಯೂಟರ್, ನಿಮ್ಮದೇ ಆಂಪ್ ಜೊತೆ ಹಾಡು ಹಾಕದೆ ವಾಲ್ಯೂಮ್ ಏರಿಸಿ, ಮೌಸ್ ಆಡಿಸಿ ಕೇಳಿ.