ಟಾಟೆನ್‌ಹ್ಯಾಮ್‌ನಲ್ಲಿ ಎನ್‌ಎಫ್‌ಎಲ್: ಏರ್ಪಾಡು ಅಚ್ಚುಕಟ್ಟು, ತವರಿನ ದನಿ ಮಾತ್ರ ಇಲ್ಲ

2025ರ ಅಕ್ಟೋಬರ್ 12ರ ಭಾನುವಾರ ಮಧ್ಯಾಹ್ನ ಎರಡೂವರೆಗೆ ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ರೀಡಾಂಗಣದಲ್ಲಿ ನಡೆದ ಡೆನ್ವರ್ ಬ್ರಾಂಕೋಸ್ ಮತ್ತು ನ್ಯೂಯಾರ್ಕ್ ಜೆಟ್ಸ್ ತಂಡಗಳ ಪಂದ್ಯಕ್ಕೆ ಹೋಗಿದ್ದೆ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ತನ್ನ ಲೀಗ್ ಪಂದ್ಯಗಳನ್ನು ಹೊರದೇಶಗಳಲ್ಲಿ ಆಡಿಸತೊಡಗಿ 2025ಕ್ಕೆ ಇಪ್ಪತ್ತು ವರ್ಷಗಳಾದವು. 2005ರಲ್ಲಿ ಮೆಕ್ಸಿಕೋ ಸಿಟಿಯ ಅಜ್ಟೆಕಾ ಕ್ರೀಡಾಂಗಣದಲ್ಲಿ ನಡೆದ ಅಂಥ ಮೊದಲ ಪಂದ್ಯಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. 2007ರಿಂದ ಲಂಡನ್ ಇವುಗಳ ಮುಖ್ಯ ನೆಲೆಯಾಯಿತು. ವರ್ಷಗಟ್ಟಲೆ ಟಿವಿಯಲ್ಲಿ ಈ ಆಟವನ್ನು ನೋಡುತ್ತಾ ಬಂದ ನನಗೆ, ಹಣ ಕೊಟ್ಟು ಒಳಗೆ ಬಂದವರಿಗೆ ಲೀಗ್ ಇಲ್ಲಿ ಏನನ್ನು ಕೊಡುತ್ತದೆ ಎಂಬುದನ್ನು ವಿವರವಾಗಿ ಬರೆಯಬೇಕೆನ್ನಿಸಿತು.

ಕ್ರೀಡಾಂಗಣದ ವಿಷಯದಲ್ಲಿ ಕೊರತೆ ಹುಡುಕುವುದು ಕಷ್ಟ. 2019ರಲ್ಲಿ ತೆರೆದ ಈ ಕಟ್ಟಡವನ್ನು ಎರಡು ಆಟಗಳಿಗೆಂದೇ ಯೋಜಿಸಲಾಗಿದೆ. ಸಾಕರ್ ಆಡುವ ಸಹಜ ಹುಲ್ಲಿನ ಅಂಗಳ ಮೂರು ಭಾಗಗಳಾಗಿ ಬೇರ್ಪಟ್ಟು ದಕ್ಷಿಣದ ಗ್ಯಾಲರಿಯ ಕೆಳಗೆ ಸರಿದುಹೋಗುತ್ತದೆ; ಅದರ ಅಡಿಯಲ್ಲಿ ಕೃತಕ ಹುಲ್ಲಿನ ಇನ್ನೊಂದು ಅಂಗಳ ಸಿದ್ಧವಾಗಿರುತ್ತದೆ. ಈ ಎರಡನೆಯ ಅಂಗಳ ಮೊದಲನೆಯದಕ್ಕಿಂತ ತಗ್ಗಿನಲ್ಲಿರುವುದರಿಂದ, ಗೆರೆಯಂಚಿನಲ್ಲಿ ಗುಂಪಾಗಿ ನಿಲ್ಲುವ ಎತ್ತರದ ಆಟಗಾರರು ಮುಂದಿನ ಸಾಲಿನಲ್ಲಿ ಕುಳಿತವರ ನೋಟಕ್ಕೆ ಅಡ್ಡವಾಗುವುದಿಲ್ಲ. 2007ರ ವೆಂಬ್ಲಿ ಪಂದ್ಯವನ್ನು ನೆನೆದರೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ. ಜೈಂಟ್ಸ್ ತಂಡ ಡಾಲ್ಫಿನ್ಸ್ ಮೇಲೆ 13–10ರಿಂದ ಗೆದ್ದ ಆ ದಿನ ಮಳೆಗೆ ಹುಲ್ಲು ಕಿತ್ತುಬಂದು ಅಂಗಳ ಕೆಸರಾಗಿತ್ತು. 2018ರಲ್ಲಿ ಅಜ್ಟೆಕಾದ ನೆಲ ಹದಗೆಟ್ಟಿದ್ದರಿಂದ ರ್‍ಯಾಮ್ಸ್–ಚೀಫ್ಸ್ ಪಂದ್ಯವನ್ನು ಇನ್ನು ಆರೇ ದಿನ ಇದೆ ಎನ್ನುವಾಗ ಲಾಸ್ ಏಂಜಲೀಸ್‌ಗೆ ಸ್ಥಳಾಂತರಿಸಲಾಯಿತು. ಆ ಪಂದ್ಯ 54–51ರಲ್ಲಿ ಮುಗಿಯಿತು. ಟಿಕೆಟ್ ಕೊಂಡಿದ್ದ ಮೆಕ್ಸಿಕೋದ ಅಭಿಮಾನಿಗಳು ಎಂಥ ಆಟವನ್ನು ಕಳೆದುಕೊಂಡರೆಂದು ಯೋಚಿಸಿದರೆ ನನಗೆ ಈಗಲೂ ಬೇಸರವಾಗುತ್ತದೆ.

ಸೆವೆನ್ ಸಿಸ್ಟರ್ಸ್ ನಿಲ್ದಾಣದಲ್ಲಿ ಇಳಿದು ಹೈ ರೋಡ್ ಗುಂಟ ಅರ್ಧ ಗಂಟೆ ನಡೆದರೆ ಕ್ರೀಡಾಂಗಣ ಸಿಗುತ್ತದೆ. ಆ ದಾರಿಯಲ್ಲಿ ಕಂಡ ಜರ್ಸಿಗಳೇ ಒಂದು ನೋಟ. ಅಂದು ಆಡುತ್ತಿದ್ದ ತಂಡಗಳು ಎರಡೇ ಆದರೂ ಲೀಗ್‌ನ 32 ತಂಡಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಬಣ್ಣಗಳೂ ಅಲ್ಲಿದ್ದವು. ನನ್ನ ಪಕ್ಕದ ಸೀಟಿನ ಹಿರಿಯರು ಡಾಲ್ಫಿನ್ಸ್ ಜರ್ಸಿ ತೊಟ್ಟಿದ್ದರು. 1982ರಲ್ಲಿ ಚಾನೆಲ್ 4 ಬ್ರಿಟನ್ನಿನಲ್ಲಿ ಈ ಆಟವನ್ನು ತೋರಿಸಲು ಆರಂಭಿಸಿದಾಗಿನಿಂದ ಅವರು ಅದೇ ತಂಡವನ್ನು ಹಿಡಿದುಕೊಂಡಿದ್ದಾರಂತೆ, ಮಯಾಮಿಯನ್ನು ಮಾತ್ರ ಒಮ್ಮೆಯೂ ಕಂಡಿಲ್ಲ. ದೇಶದ ಮೂಲೆಮೂಲೆಯಲ್ಲಿ ಒಂಟಿಯಾಗಿ ಟಿವಿಯ ಮುಂದೆ ಕೂರುವ ಇಂಥವರಿಗೆ ವರ್ಷಕ್ಕೊಮ್ಮೆ ಸೇರುವ ಜಾತ್ರೆ ಇದು. ಇಷ್ಟಕ್ಕಾಗಿಯಾದರೂ ಲಂಡನ್ ಪಂದ್ಯಗಳು ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಪಂದ್ಯ ಆರಂಭವಾದ ಮೇಲೆ ಒಂದು ಕೊರತೆ ಕಿವಿಗೇ ತಿಳಿಯಿತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರೇಕ್ಷಕರ ಗದ್ದಲವೂ ಆಟದ ಒಂದು ಅಂಗ. ತಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ, ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡನ್ನು ಎಸೆಯುವ ಆಟಗಾರ) ಕೂಗಿ ಹೇಳುವ ಸಂಕೇತ ಜೊತೆಗಾರರಿಗೆ ಕೇಳಿಸಲೆಂದು ತವರಿನ ಪ್ರೇಕ್ಷಕರು ಸುಮ್ಮನಾಗುತ್ತಾರೆ. ಎದುರಾಳಿಯ ಸರದಿ ಬಂದಾಗ ಅದೇ ಸಂಕೇತ ಯಾರಿಗೂ ಕೇಳಿಸದಂತೆ ಕಿವಿಗಡಚಿಕ್ಕುವ ಹಾಗೆ ಅಬ್ಬರಿಸುತ್ತಾರೆ. ಟಾಟೆನ್‌ಹ್ಯಾಮ್‌ನಲ್ಲಿ ಜೆಟ್ಸ್ ಹೆಸರಿಗೆ ತವರು ತಂಡವಾಗಿತ್ತು. ಆದರೂ ಯಾರು ಚೆಂಡು ಹಿಡಿದರೂ, ಯಾರು ಯಾರನ್ನು ಕೆಡವಿದರೂ ಒಂದೇ ಬಗೆಯ ಸಂತೋಷದ ಕೂಗು ಏಳುತ್ತಿತ್ತು. ಪಕ್ಷವಿಲ್ಲದ ಪ್ರೇಕ್ಷಕರು ಸಭ್ಯರಾಗಿರುತ್ತಾರೆ, ಅವರ ನಡುವೆ ಮಕ್ಕಳೊಂದಿಗೆ ಕೂರುವುದೂ ಹಿತ. ಆದರೆ ಆಟದ ಅರ್ಧ ಬಿಗಿ ಅಲ್ಲೇ ಸಡಿಲವಾಗುತ್ತದೆ.

ಈ ಪಂದ್ಯವನ್ನು ನಮಗೆ ಬಿಟ್ಟುಕೊಟ್ಟವರ ಕಡೆಯಿಂದಲೂ ನೋಡಬೇಕು. 2021ರಿಂದ ಪ್ರತಿ ತಂಡಕ್ಕೂ 17 ಲೀಗ್ ಪಂದ್ಯಗಳಿವೆ. ಒಂದು ವರ್ಷ ಒಂಬತ್ತು, ಮರುವರ್ಷ ಎಂಟು ತವರಿನಲ್ಲಿ. ಒಂಬತ್ತು ಸಿಗುವ ವರ್ಷದಲ್ಲೇ ಹೆಚ್ಚಾಗಿ ವಿದೇಶದ ಪಂದ್ಯವನ್ನು ಇಡುವುದರಿಂದ, ಲೀಗ್‌ನ ಲೆಕ್ಕದಲ್ಲಿ ಯಾರಿಗೂ ನಷ್ಟವಿಲ್ಲ. ಜೆಟ್ಸ್‌ನ ತವರು ಕ್ರೀಡಾಂಗಣವಿರುವ ನ್ಯೂಜೆರ್ಸಿಯಲ್ಲಿ ಸೀಸನ್ ಟಿಕೆಟ್ ಇಟ್ಟುಕೊಂಡ ಜೆಟ್ಸ್ ಅಭಿಮಾನಿಗೆ ಈ ಲೆಕ್ಕ ಸಮಾಧಾನ ತರುವುದಿಲ್ಲ, ಏಕೆಂದರೆ ಅವನು ಆ ಒಂಬತ್ತನೆಯ ದಿನಕ್ಕಾಗಿ ಎರಡು ವರ್ಷ ಕಾದಿರುತ್ತಾನೆ. ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2009ರಲ್ಲಿ ಲೋಕಸಭಾ ಚುನಾವಣೆಯ ಕಾರಣದಿಂದ ಐಪಿಎಲ್ ಪೂರ್ತಿಯಾಗಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತು; ಬೆಂಗಳೂರು ತಂಡ ಮೊದಲ ಬಾರಿಗೆ ಫೈನಲ್ ತಲುಪಿದ್ದು ಆ ವರ್ಷವೇ, ಜೋಹಾನ್ಸ್‌ಬರ್ಗ್‌ನಲ್ಲಿ ಕೇವಲ ಆರು ರನ್‌ಗಳಿಂದ ಸೋತದ್ದೂ ಆಗಲೇ. ಚಿನ್ನಸ್ವಾಮಿಯಲ್ಲಿ ಒಂದು ಪಂದ್ಯವನ್ನೂ ನೋಡಲಾಗದೆ ಆ ಇಡೀ ಋತುವನ್ನು ಟಿವಿಯ ಮುಂದೆ ಕಳೆದ ನನಗೆ ಜೆಟ್ಸ್ ಅಭಿಮಾನಿಯ ಕೋಪ ನ್ಯಾಯವಾದದ್ದೆನಿಸುತ್ತದೆ.

ಈ ತೊಡಕಿಗೆ ಇರುವ ಉತ್ತರವನ್ನು ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡ ತೋರಿಸಿದೆ. 2013ರಿಂದ, ಕೋವಿಡ್‌ನ 2020ನ್ನು ಬಿಟ್ಟು, ಅದು ಪ್ರತಿ ವರ್ಷ ಲಂಡನ್ನಿಗೆ ಬರುತ್ತಿದೆ. ತಂಡದ ಮಾಲೀಕ ಶಾಹಿದ್ ಖಾನ್ ಲಂಡನ್ನಿನ ಫುಲ್ಹಮ್ ಕ್ಲಬ್ಬಿನ ಒಡೆಯರೂ ಹೌದು. ಸೋಲಲಿ ಗೆಲ್ಲಲಿ, ಪ್ರತಿ ವರ್ಷ ಅದೇ ತಂಡ ಬರುವುದರಿಂದ ಅದಕ್ಕೆ ಇಲ್ಲಿ ತನ್ನದೇ ಜನ ಹುಟ್ಟಿಕೊಂಡಿದ್ದಾರೆ. ಯಾವಾಗ ಸುಮ್ಮನಿರಬೇಕು, ಯಾವಾಗ ಕೂಗಬೇಕು ಎಂಬುದನ್ನು ಅವರು ಕಲಿತಿದ್ದಾರೆ. ತಂಡ ಊರನ್ನೇ ಬಿಟ್ಟು ಹೋದೀತೆಂಬ ಆತಂಕ ಜಾಕ್ಸನ್‌ವಿಲ್‌ನವರನ್ನು ಕಾಡಿದ್ದು ನಿಜ, ಆ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೂ ವರ್ಷಕ್ಕೊಂದು ಹೊಸ ನಗರ ಹುಡುಕುವುದಕ್ಕಿಂತ ಒಂದು ನಗರಕ್ಕೆ ಒಂದು ತಂಡವನ್ನು ಗಂಟುಹಾಕುವುದೇ ಲೀಗ್‌ಗೆ ಒಳ್ಳೆಯ ದಾರಿ. 2024ರಲ್ಲಿ ಸಾವೊ ಪಾಲೊ, 2025ರಲ್ಲಿ ಡಬ್ಲಿನ್, ಬರ್ಲಿನ್, ಮ್ಯಾಡ್ರಿಡ್ ಎಂದು ಪಟ್ಟಿ ಬೆಳೆಯುತ್ತಿದೆ, ನೆಲೆಯೂರುವುದು ಕಾಣುತ್ತಿಲ್ಲ. ಜರ್ಮನಿಯ ಮಾತು ಸ್ವಲ್ಪ ಬೇರೆ. 2022ರಲ್ಲಿ ಮ್ಯೂನಿಕ್‌ನ ಮೊದಲ ಪಂದ್ಯದಲ್ಲಿ ಇಡೀ ಕ್ರೀಡಾಂಗಣ ಒಂದೇ ಕಂಠದಲ್ಲಿ ಹಾಡಿದ್ದನ್ನು ಟಿವಿಯಲ್ಲಿ ಕಂಡಾಗ ನನಗೆ ರೋಮಾಂಚನವಾಗಿತ್ತು.

ಆಟದ ಹೊತ್ತು ಯಾರಿಗೆ ಅನುಕೂಲ ಎಂಬುದರಲ್ಲೂ ಅಭಿಮಾನಿಗಳು ಒಂದಾಗಿಲ್ಲ. ಲಂಡನ್ನಿನ ಮಧ್ಯಾಹ್ನ ಎರಡೂವರೆ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಒಂಬತ್ತೂವರೆ, ಕ್ಯಾಲಿಫೋರ್ನಿಯಾದಲ್ಲಿ ಆರೂವರೆ. ಅಕ್ಟೋಬರ್ ಆರಂಭದಲ್ಲಿ ಅದು ಬೆಂಗಳೂರಿನ ಸಂಜೆ ಏಳು ಗಂಟೆ. ಉಳಿದ ಪಂದ್ಯಗಳಿಗೆ ನಡುರಾತ್ರಿಯವರೆಗೆ ಎಚ್ಚರವಿರಬೇಕಾದ ನನ್ನ ಅಕ್ಕನ ಮಗ ಅಂದು ಊಟದ ಹೊತ್ತಿಗೆ ಪೂರ್ತಿ ಪಂದ್ಯ ನೋಡಿ, ನಾನು ಹೊರಬರುವ ಮೊದಲೇ ಫೋನ್ ಮಾಡಿದ್ದ.

ಪಂದ್ಯದ ಗುಣಮಟ್ಟಕ್ಕೆ ಮಾತ್ರ ಯಾರೂ ಖಾತರಿ ಕೊಡಲಾರರು. ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಎದುರಾಳಿಗಳ ಕೈಗೆ ಸಿಕ್ಕಿ ಒಂಬತ್ತು ಬಾರಿ ನೆಲ ಕಚ್ಚಿದ. ಎಸೆತಗಳಿಂದ ಗಳಿಸಿದ್ದರಲ್ಲಿ ಹೀಗೆ ಕಳೆದುಕೊಂಡ ದೂರವನ್ನು ಕಳೆದರೆ ತಂಡಕ್ಕೆ ಉಳಿದದ್ದು ಮೈನಸ್ 10 ಗಜ. ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಆರು ಅಂಕ ಗಳಿಸುವುದು) ಇಲ್ಲದೆ 11 ಅಂಕ ಗಳಿಸಿದ ಜೆಟ್ಸ್, ಕೊನೆಯಲ್ಲಿ ಬಂದ ಒಂದು ಫೀಲ್ಡ್ ಗೋಲ್‌ನಿಂದ (ಕಂಬಗಳ ನಡುವೆ ಚೆಂಡನ್ನು ಒದ್ದು ಗಳಿಸುವ ಮೂರು ಅಂಕ) 13–11ರಲ್ಲಿ ಸೋತಿತು. ಕೊನೆಯ ಕೆಲವು ನಿಮಿಷಗಳ ಉದ್ವೇಗ ನಿಜವಾದದ್ದು. ಅದಕ್ಕೂ ಮೊದಲು ಟಿವಿ ಜಾಹೀರಾತಿಗಾಗಿ ಆಟ ಪದೇಪದೇ ನಿಂತಾಗ ಗ್ಯಾಲರಿಯಲ್ಲಿ ಕೂತವರಿಗೆ ಬಹಳ ದೀರ್ಘವೆನಿಸುತ್ತದೆ. 60 ನಿಮಿಷಗಳ ಆಟಕ್ಕೆ ಮೂರು ಗಂಟೆ ಬೇಕು ಎಂಬುದನ್ನು ತಿಳಿದೇ ಹೋಗಬೇಕು. ನನ್ನ ಟಿಕೆಟ್ ಮರುಮಾರಾಟದ ಒಂದು ಜಾಲತಾಣದಿಂದ ಬಂದದ್ದು, ಮೂಲ ಬೆಲೆಗಿಂತ ಬಹಳ ದುಬಾರಿ, ಅದೂ ಕೈಸೇರಿದ್ದು ಪಂದ್ಯದ ದಿನ ಬೆಳಿಗ್ಗೆ. ಆ ದಾರಿಯನ್ನು ಯಾರಿಗೂ ಸೂಚಿಸಲಾರೆ.

ಆಟದ ಸೂಕ್ಷ್ಮಗಳನ್ನು ಹತ್ತಿರದಿಂದ ನೋಡಬಯಸುವವರು ಟಾಟೆನ್‌ಹ್ಯಾಮ್‌ನ ಕೆಳಗಿನ ಸಾಲುಗಳನ್ನು ನಿಶ್ಚಿಂತೆಯಿಂದ ಆರಿಸಬಹುದು. ಮೊದಲ ಸಲ ಹೋಗುವವರಿಗೆ ಮಾತ್ರ ನಾನು ಜಾಗ್ವಾರ್ಸ್ ಪಂದ್ಯವನ್ನೇ ಹೇಳುತ್ತೇನೆ. ಎದುರಾಳಿಯ ಮೂರನೇ ಡೌನ್ (ಚೆಂಡನ್ನು ಹತ್ತು ಗಜ ಮುಂದೊಯ್ಯಲು ಇರುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಬಂದಾಗ ಸುತ್ತಲಿನವರೆಲ್ಲ ಎದ್ದು ನಿಂತು ಕೂಗುವುದನ್ನು ಲಂಡನ್ನಿನಲ್ಲಿ ಕೇಳಬೇಕಾದರೆ ಅಲ್ಲಿಗೇ ಹೋಗಬೇಕು.