ಫೊರಾಮಿನಿಫೆರಾ ಅಥವಾ ಡಯಾಟಮ್: ಪ್ರಾಚೀನ ಸಾಗರದ ಅಧ್ಯಯನಕ್ಕೆ ಯಾವುದು?

ಆಳಸಮುದ್ರದ ಕೆಸರಿನ ಮಾದರಿಯಿಂದ ಹಿಂದಿನ ಸಾಗರದ ಸ್ಥಿತಿಯನ್ನು ತಿಳಿಯಬಯಸುವವರು ಫೊರಾಮಿನಿಫೆರಾ (ಚಿಪ್ಪುಳ್ಳ ಏಕಕೋಶ ಜೀವಿಗಳು) ಮತ್ತು ಡಯಾಟಮ್‌ಗಳ (ಕವಚವುಳ್ಳ ಏಕಕೋಶ ಪಾಚಿಗಳು) ನಡುವೆ ಆರಿಸಿಕೊಳ್ಳುವ ಮೊದಲು, ಆ ಮಾದರಿ ಎಷ್ಟು ಆಳದಿಂದ ಬಂದಿದೆ ಎಂಬುದನ್ನು ನೋಡಬೇಕು.

ಫೊರಾಮಿನಿಫೆರಾಗಳ ಚಿಪ್ಪು ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ್ದು. ಅದರಲ್ಲಿನ ಆಮ್ಲಜನಕದ ಐಸೊಟೋಪ್ ಅನುಪಾತವು (ಭಾರವಾದ ಮತ್ತು ಹಗುರವಾದ ಆಮ್ಲಜನಕ ಪರಮಾಣುಗಳ ಅನುಪಾತ) ನೀರಿನ ಉಷ್ಣತೆಯನ್ನೂ ಭೂಖಂಡಗಳ ಮೇಲಿನ ಹಿಮರಾಶಿಯ ಪ್ರಮಾಣವನ್ನೂ ಒಟ್ಟಿಗೆ ದಾಖಲಿಸುವುದರಿಂದ, ಅವೆರಡನ್ನು ಬೇರ್ಪಡಿಸಲು ಅದೇ ಚಿಪ್ಪಿನ ಮೆಗ್ನೀಸಿಯಮ್–ಕ್ಯಾಲ್ಸಿಯಂ ಅನುಪಾತವನ್ನು ಅಳೆಯುತ್ತಾರೆ; ನೀರು ಬೆಚ್ಚಗಾದಂತೆ ಇದು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 9 ಪ್ರತಿಶತ ಏರುತ್ತದೆ. ಮೇಲ್ಪದರದ ನೀರಿಗೆ ಗ್ಲೋಬಿಜೆರಿನಾಯ್ಡೀಸ್ ರೂಬರ್ ಎಂಬ ತೇಲುವ ಪ್ರಭೇದ, ತಳದ ನೀರಿಗೆ ಸಿಬಿಸಿಡಾಯ್ಡೀಸ್‌ನಂಥ ತಳವಾಸಿಗಳು ಒಂದೇ ಮಾದರಿಯಲ್ಲಿ ದೊರೆಯಬಹುದೆಂಬುದು ದೊಡ್ಡ ಅನುಕೂಲ. ಆದರೆ ಚಿಪ್ಪಿಗಂಟಿದ ಜೇಡಿಮಣ್ಣಿನಲ್ಲೂ ಮೆಗ್ನೀಸಿಯಮ್ ಇರುವುದರಿಂದ, ಚಿಪ್ಪನ್ನು ಒಡೆದು, ಒಳಗಿನ ಕೋಣೆಗಳನ್ನು ತೆರೆದು, ಪದೇ ಪದೇ ತೊಳೆಯದಿದ್ದರೆ ಸಮುದ್ರವು ಇದ್ದುದಕ್ಕಿಂತ ಬೆಚ್ಚಗಿತ್ತೆಂದು ತೋರುತ್ತದೆ. ಭಾಗಶಃ ಕರಗಿದ ಚಿಪ್ಪು ಇದಕ್ಕೆ ತದ್ವಿರುದ್ಧವಾಗಿ ತಣ್ಣಗಿತ್ತೆನ್ನುತ್ತದೆ. ಸುಮಾರು 4ರಿಂದ 5 ಕಿಲೋಮೀಟರ್ ಆಳದ ಕೆಳಗಂತೂ ಅವು ಬಹುತೇಕ ಕರಗಿಹೋಗುತ್ತವೆ.

ಡಯಾಟಮ್‌ಗಳ ಕವಚ ಸಿಲಿಕಾದಿಂದಾದುದರಿಂದ ಆ ಮಿತಿ ಅವಕ್ಕಿಲ್ಲ. ಸುಣ್ಣದ ಚಿಪ್ಪುಗಳು ವಿರಳವಾದ, ಅಂಟಾರ್ಕ್ಟಿಕಾವನ್ನು ಸುತ್ತುವರಿದ ದಕ್ಷಿಣ ಸಾಗರದಲ್ಲಿ ಅವೇ ಮುಖ್ಯ ಸಾಕ್ಷಿ: ಫ್ರಜಿಲಾರಿಯಾಪ್ಸಿಸ್ ಕರ್ಟಾ ಎಂಬ ಡಯಾಟಮ್ ಪ್ರಭೇದ ಹೇರಳವಾಗಿದ್ದರೆ ಅಲ್ಲಿ ಚಳಿಗಾಲದಲ್ಲಿ ಸಮುದ್ರಹಿಮ ಹರಡಿತ್ತೆಂದು ಊಹಿಸಬಹುದು, ಫೊರಾಮಿನಿಫೆರಾ ಇದನ್ನು ಇಷ್ಟು ನೇರವಾಗಿ ಹೇಳಲಾರದು. ಆದರೂ ಸಿಲಿಕಾ ಕೂಡ ಸಮುದ್ರದ ನೀರಿನಲ್ಲಿ ಕರಗುತ್ತದೆ. ತೆಳು ಕವಚದ ಪ್ರಭೇದಗಳು ಮೊದಲು ಮಾಯವಾಗಿ ದಪ್ಪ ಕವಚದವು ಉಳಿಯುವುದರಿಂದ ಬರೀ ಎಣಿಕೆಯನ್ನು ನಂಬುವಂತಿಲ್ಲ.

ಉಷ್ಣವಲಯದ, 3 ಕಿಲೋಮೀಟರ್‌ಗಿಂತ ಕಡಿಮೆ ಆಳದ ಮಾದರಿಗೆ ನಾನು ಹೆಚ್ಚು ಯೋಚಿಸದೆ ಫೊರಾಮಿನಿಫೆರಾವನ್ನೇ ಆರಿಸುವೆ. ಅಂಟಾರ್ಕ್ಟಿಕಾದ ಸುತ್ತಲಿನ ಮಾದರಿಗಾದರೆ ಡಯಾಟಮ್ ಮೊದಲು, ಸಿಕ್ಕಷ್ಟು ಫೊರಾಮಿನಿಫೆರಾ ಕಾಲನಿರ್ಣಯಕ್ಕೆ.